ಗಡಿ ದಾಟುವ ಮುನ್ನ ಒಂದು ಚುಚ್ಚುಮದ್ದು

ಪುಣೆಯ ಸದಾಶಿವ ಪೇಠೆಯಲ್ಲಿ ಮಕ್ಕಳೋ ಮೊಮ್ಮಕ್ಕಳೋ ವಿದೇಶದಲ್ಲಿರುವ ಮನೆಗಳು ಬೇಕಾದಷ್ಟಿವೆ. ಪಾಸ್‌ಪೋರ್ಟ್, ವೀಸಾಗಳ ಜೊತೆಗೆ ಆರೋಗ್ಯದ ಕಾಗದವನ್ನೂ ಜೋಡಿಸಿಡಬೇಕೆಂಬುದು ಈ ಮನೆಯವರಿಗೆ ರೂಢಿಯಾಗಿಬಿಟ್ಟಿದೆ. ಆ ಕಾಗದದ ಚರಿತ್ರೆಯಲ್ಲಿ ಇದೇ ಊರಿನ ಓಣಿಗಳೂ ನಮ್ಮ ಮಲೆನಾಡಿನ ಕಾಡೂ ಬರುತ್ತವೆ.

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿಯಲ್ಲಿ ಡಾ. ಅಕಾಸಿಯೋ ವಿಯೆಗಾಸ್ ಪ್ಲೇಗನ್ನು ಗುರುತಿಸಿದರು. ಮುಂದಿನ ತಿಂಗಳೇ ಗಾಂಧೀಜಿ ಪುಣೆಗೆ ಬಂದರು. ತಿಲಕ, ಗೋಖಲೆ, ಭಾಂಡಾರಕರ್ ಅವರನ್ನು ಕಂಡು ದಕ್ಷಿಣ ಆಫ್ರಿಕದ ಭಾರತೀಯರ ಕಷ್ಟವನ್ನು ಹೇಳಿಕೊಂಡರು. ಆಮೇಲೆ ಹೆಂಡತಿ ಮಕ್ಕಳೊಡನೆ ಮುಂಬಯಿಯಲ್ಲಿ ಕೋರ್ಲ್ಯಾಂಡ್ ಹಡಗು ಹತ್ತಿದರು. ಡಿಸೆಂಬರ್ 18ಕ್ಕೆ ಹಡಗು ಡರ್ಬನ್ ಮುಟ್ಟಿತು. ನೆಲಕ್ಕೆ ಕಾಲಿಡಲು ಆದದ್ದು ಜನವರಿ 13ಕ್ಕೆ. ಮುಂಬಯಿಯಿಂದ ಬಂದವರು ಪ್ಲೇಗು ತಂದಿರಬಹುದು ಎಂಬುದು ಹೇಳಿದ ಕಾರಣ. ಆದರೆ ದಡದಲ್ಲಿ ಬಿಳಿಯರು ಸಭೆ ಸೇರಿಸಿ, ಇವರನ್ನು ಬಂದ ದಾರಿಯಲ್ಲೇ ಅಟ್ಟಬೇಕೆಂದು ಕೂಗೆಬ್ಬಿಸಿದ್ದರು. ತಡೆ ಹಾಕಿದ್ದು ರೋಗಕ್ಕೋ ಜನಕ್ಕೋ ಎಂಬ ಪ್ರಶ್ನೆ ಅಂದಿನಿಂದ ಪ್ರಯಾಣಿಕನ ಬೆನ್ನು ಬಿಟ್ಟಿಲ್ಲ.

1897ರ ಫೆಬ್ರವರಿ 4ರಂದು ಸಾಂಕ್ರಾಮಿಕ ರೋಗಗಳ ಕಾಯಿದೆ ಬಂತು. ರೈಲು ಪ್ರಯಾಣಿಕರನ್ನು ಇಳಿಸಿ ತಪಾಸಣೆ ಮಾಡುವ, ಸಂಶಯ ಬಂದವರನ್ನು ಬೇರೆ ಇರಿಸುವ ಅಧಿಕಾರ ಸರ್ಕಾರದ ಕೈಗೆ ಸಿಕ್ಕಿತು. ಅದೇ ವರ್ಷ ವೆನಿಸ್‌ನಲ್ಲಿ ಹಲವು ದೇಶಗಳು ಕೂತು, ಪ್ಲೇಗಿನ ನಾಡಿನಿಂದ ಬರುವ ಹಡಗುಗಳಿಗೆ ನಿಯಮ ಮಾಡಿದವು. ಪುಣೆಯಲ್ಲಿ ರ್‍ಯಾಂಡ್ ಸಾಹೇಬನ ಪ್ಲೇಗು ಸಮಿತಿ ಸಿಪಾಯಿಗಳನ್ನು ಮನೆ ಮನೆಗೆ ನುಗ್ಗಿಸಿತು. ದೇವರಮನೆ, ಅಡಿಗೆಮನೆ ಎನ್ನದೆ ಬೂಟುಗಾಲಿನಲ್ಲಿ ಹುಡುಕಾಟ. ಸಾಮಾನುಗಳನ್ನು ಹೊರಗೆಳೆದು ಸುಡುವುದು. ರೋಗ ನಿಜವಾಗಿತ್ತು, ಹುಡುಕುವ ಅಗತ್ಯವೂ ಇತ್ತು. ಆದರೆ ಅವಮಾನಕ್ಕೆ ಹೆದರಿದ ಜನ ರೋಗಿಗಳನ್ನೇ ಬಚ್ಚಿಟ್ಟರು. ಜೂನ್ 22ರ ರಾತ್ರಿ ಚಾಪೇಕರ್ ಸಹೋದರರು ರ್‍ಯಾಂಡ್‌ಗೆ ಗುಂಡು ಹಾರಿಸಿದರು. ಇದೇ ಪುಣೆಯಲ್ಲಿ ಸಾವಿತ್ರಿಬಾಯಿ ಫುಲೆ ಪ್ಲೇಗು ರೋಗಿಗಳ ಸೇವೆ ಮಾಡುತ್ತಲೇ ಮಾರ್ಚ್ 10ರಂದು ಅದೇ ರೋಗಕ್ಕೆ ತುತ್ತಾದದ್ದನ್ನು ನೆನೆದರೆ ಇಂದಿಗೂ ಮನಸ್ಸು ತುಂಬಿ ಬರುತ್ತದೆ.

ಅತ್ತ ಮುಂಬಯಿಯಲ್ಲಿ ವಿಜ್ಞಾನಿ ಹಾಫ್ಕಿನ್ ತಾನು ತಯಾರಿಸಿದ ಪ್ಲೇಗಿನ ಲಸಿಕೆಯನ್ನು ಅದೇ ವರ್ಷದ ಜನವರಿಯಲ್ಲಿ ತನ್ನ ಮೈಗೇ ಚುಚ್ಚಿಕೊಂಡಿದ್ದ. ಮರುವರ್ಷ ಹುಬ್ಬಳ್ಳಿಯಲ್ಲಿ ಜನ ದೊಡ್ಡ ಸಂಖ್ಯೆಯಲ್ಲಿ ಅದನ್ನು ಹಾಕಿಸಿಕೊಂಡರು. ತಡೆದು ನಿಲ್ಲಿಸುವುದಕ್ಕಿಂತ ಚುಚ್ಚಿ ಕಳಿಸುವುದು ಮೇಲು ಎಂಬ ದಾರಿ ಅಲ್ಲಿಂದ ಗಟ್ಟಿಯಾಯಿತು.

ವಿಮಾನ ಬಂದ ಮೇಲೆ ಭಯ ಹಳದಿ ಜ್ವರದ ಕಡೆ ತಿರುಗಿತು. ಅದನ್ನು ಹರಡುವ ಈಡಿಸ್ ಸೊಳ್ಳೆ ನಮ್ಮಲ್ಲಿ ಹೇರಳ, ರೋಗ ಮಾತ್ರ ಇಲ್ಲ. ಸೋಂಕಿತನೊಬ್ಬ ಇಳಿದರೆ ಸಾಕು ಎಂಬ ಆತಂಕ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಸುತ್ತಲ ಹಳ್ಳಿಗರು ಜ್ವರದಿಂದ ಮಲಗಿದರು. ಹಳದಿ ಜ್ವರ ಬಂದೇಬಿಟ್ಟಿತೇ ಎಂದು ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಓಡಿ ಬಂದರು. ಸತ್ತ ಮಂಗಗಳನ್ನು ಪರೀಕ್ಷಿಸಿದರು, ಉಣುಗುಗಳನ್ನು ಆರಿಸಿ ಒಯ್ದರು. ಸಿಕ್ಕಿದ್ದು ಹಳದಿ ಜ್ವರವಲ್ಲ, ಉಣುಗಿನಿಂದ ಹರಡುವ ಹೊಸದೊಂದು ವೈರಸ್. ನಮ್ಮವರ ಬಾಯಲ್ಲಿ ಮಂಗನ ಕಾಯಿಲೆ. ಅದೇ ಕೇಂದ್ರ ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ. 2020ರ ಜನವರಿಯಲ್ಲಿ ದೇಶದ ಮೊದಲ ಕೊರೊನಾ ಸೋಂಕನ್ನು ಖಚಿತಪಡಿಸಿದ್ದೂ ಅದೇ.

ಕೊರೊನಾ ಕಾಲದಲ್ಲಿ ಹಡಗಿನ ಕಥೆ ಮರುಕಳಿಸಿತು. ಆಕ್ಸ್‌ಫರ್ಡ್‌ನ ಲಸಿಕೆಯೇ ಪುಣೆಯಲ್ಲಿ ಕೋವಿಶೀಲ್ಡ್ ಆಗಿ ತಯಾರಾಗುತ್ತಿತ್ತು. ಆದರೂ 2021ರ ಸೆಪ್ಟೆಂಬರಿನಲ್ಲಿ ಬ್ರಿಟನ್, ಭಾರತದಲ್ಲಿ ಹಾಕಿಸಿಕೊಂಡವರ ಪ್ರಮಾಣಪತ್ರ ಒಪ್ಪಲಿಲ್ಲ. ಓದಲು ಹೊರಟ ಮಕ್ಕಳು ಎರಡೂ ಡೋಸು ಮುಗಿಸಿಯೂ ಅಲ್ಲಿ ಪ್ರತ್ಯೇಕವಾಸ ಮಾಡಬೇಕಾಯಿತು. ಅಕ್ಟೋಬರ್ 4ರಿಂದ ಭಾರತವೂ ಬ್ರಿಟಿಷರಿಗೆ ಹತ್ತು ದಿನದ ಪ್ರತ್ಯೇಕವಾಸ ವಿಧಿಸಿತು. 11ಕ್ಕೆ ಬ್ರಿಟನ್ ನಿಯಮ ಸಡಿಲಿಸಿತು. ವಿಜ್ಞಾನದ ಹೆಸರಿನಲ್ಲಿ ಹೀಗೆ ದೇಶ ನೋಡಿ ಮಣೆ ಹಾಕುವುದು ಅನ್ಯಾಯವೆಂದೇ ನಾನು ಹೇಳುತ್ತೇನೆ.

ಹಳದಿ ಜ್ವರದ ನಿಯಮ ಮಾತ್ರ ಆಧಾರವಿರುವಂಥದ್ದು. ಕೀನ್ಯಾ, ಉಗಾಂಡ, ಬ್ರೆಜಿಲ್ ಕಡೆ ಹೊರಟವರು ಇದನ್ನು ಗಮನಿಸಿ. ಸರ್ಕಾರ ಅಧಿಕೃತಗೊಳಿಸಿದ ಕೇಂದ್ರದಲ್ಲೇ ಲಸಿಕೆ ಹಾಕಿಸಿಕೊಳ್ಳಿ. ಹತ್ತು ದಿನ ಕಳೆದ ಮೇಲಷ್ಟೇ ಪ್ರಮಾಣಪತ್ರ ಊರ್ಜಿತ. ಅದಿಲ್ಲದೆ ಆ ದೇಶಗಳಿಂದ ಮರಳಿದರೆ ನಮ್ಮ ವಿಮಾನ ನಿಲ್ದಾಣದಲ್ಲೇ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಮೊಟ್ಟೆ ಮೈಗೆ ಒಗ್ಗದವರು, ಅರವತ್ತು ದಾಟಿದವರು, ಗರ್ಭಿಣಿಯರು ಮೊದಲೇ ವೈದ್ಯರಿಗೆ ತಿಳಿಸಬೇಕು. ಲಸಿಕೆಯ ಬ್ಯಾಚ್ ಸಂಖ್ಯೆ, ವೈದ್ಯರ ಸಹಿ, ಕೇಂದ್ರದ ಮೊಹರು ಮೂರೂ ಇವೆಯೇ ಎಂದು ಅಲ್ಲೇ ನೋಡಿಕೊಳ್ಳಿ. ಹತ್ತು ವರ್ಷದ ಅವಧಿ ಬರೆದಿರುವ ಈ ಲಸಿಕೆಯ ಹಳೆಯ ಹಳದಿ ಪುಸ್ತಕ ಮನೆಯಲ್ಲಿದ್ದರೆ ಎಸೆಯಬೇಡಿ. 2016ರ ಜುಲೈ 11ರಿಂದ ಅದು ಜೀವಮಾನವಿಡೀ ಸಲ್ಲುತ್ತದೆ.