ಸಾಲದ ಪಟ್ಟಿಯಲ್ಲಿ ಇಲ್ಲದ ಹೆಸರು



2019ರ ಆಗಸ್ಟ್ 27, ಮಂಗಳವಾರ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಉತ್ತರಕ್ಕಿರುವ ಬೆರಿ ಪಟ್ಟಣದಲ್ಲಿ ಅಂದು ನೂರಾರು ಜನ ಪೊರಕೆ, ಬಕೆಟ್ ಹಿಡಿದು ಗಿಗ್ ಲೇನ್ ಫುಟ್‌ಬಾಲ್ ಮೈದಾನಕ್ಕೆ ಬಂದರು. ಧೂಳು ಹಿಡಿದಿದ್ದ ಆಸನಗಳನ್ನು ಒರೆಸಿದರು, ಮೆಟ್ಟಿಲು ಗುಡಿಸಿದರು. ಯಾರಿಗೂ ಕೂಲಿ ಇರಲಿಲ್ಲ. ಹೊಸ ಮಾಲೀಕರು ಬರುತ್ತಾರೆ, ವಾರದ ಕೊನೆಗೆ ಪಂದ್ಯ ನಡೆಯುತ್ತದೆ ಎಂಬುದಷ್ಟೇ ಅವರ ಆಸೆ. ಆದರೆ ಕೊಳ್ಳಲು ಮುಂದೆ ಬಂದಿದ್ದ ಸಂಸ್ಥೆ ಅದೇ ದಿನ ಹಿಂದೆ ಸರಿಯಿತು. ರಾತ್ರಿ ಹನ್ನೊಂದರ ಹೊತ್ತಿಗೆ ಬೆರಿ ಕ್ಲಬ್ಬನ್ನು ಲೀಗ್‌ನಿಂದ ಹೊರಹಾಕಿದ ಸುದ್ದಿ ಬಂತು.

ಬೆರಿ ನಿನ್ನೆ ಮೊನ್ನೆ ಹುಟ್ಟಿದ ಕ್ಲಬ್ ಅಲ್ಲ. ಹತ್ತಿ ಗಿರಣಿಗಳ ಕಾಲದಲ್ಲಿ, 1885ರಲ್ಲಿ ಸ್ಥಾಪನೆಯಾದದ್ದು. ಇಂಗ್ಲೆಂಡಿನ ಪ್ರತಿಷ್ಠಿತ ಎಫ್.ಎ. ಕಪ್ಪನ್ನು 1900 ಮತ್ತು 1903ರಲ್ಲಿ ಎರಡು ಸಲ ಗೆದ್ದಿತ್ತು. 1903ರ ಫೈನಲ್‌ನಲ್ಲಿ ಡರ್ಬಿ ಕೌಂಟಿಯನ್ನು 6-0 ಗೋಲುಗಳಿಂದ ಸೋಲಿಸಿದ ದಾಖಲೆಯನ್ನು ಯಾರೂ ಮುರಿದಿಲ್ಲ. 2019ರ ಮೇ ತಿಂಗಳಲ್ಲಿ ನೆರೆಯ ಮ್ಯಾಂಚೆಸ್ಟರ್ ಸಿಟಿ ಅದನ್ನು ಸರಿಗಟ್ಟಿತು, ಅಷ್ಟೆ. ಅದೇ ವಸಂತದಲ್ಲಿ ಬೆರಿ ತಂಡವೂ ಗೆದ್ದು ನಾಲ್ಕನೇ ದರ್ಜೆಯಿಂದ ಮೂರನೇ ದರ್ಜೆಗೆ ಏರಿತ್ತು. ಆಟಗಾರರಿಗೆ ಸಂಬಳ ಸರಿಯಾಗಿ ಸಿಗದಿದ್ದ ಕಾಲದಲ್ಲಿ ಬಂದ ಗೆಲುವು ಅದು. ಮೈದಾನದಲ್ಲಿ ಗೆದ್ದ ಕ್ಲಬ್ ನಾಲ್ಕೇ ತಿಂಗಳಲ್ಲಿ ಲೆಕ್ಕದ ಪುಸ್ತಕದಲ್ಲಿ ಸೋತದ್ದು ಹೇಗೆ?

ಇದಕ್ಕೆ ಉತ್ತರ ಬೇಕಿದ್ದರೆ ಅಲ್ಲಿಯ ಲೀಗ್ ಪದ್ಧತಿಯನ್ನು ತಿಳಿಯಬೇಕು. ಅದೊಂದು ಏಣಿ. ಪ್ರತಿ ಋತುವಿನ ಕೊನೆಗೆ ಚೆನ್ನಾಗಿ ಆಡಿದವರು ಒಂದು ಮೆಟ್ಟಿಲು ಮೇಲೇರುತ್ತಾರೆ, ಸೋತವರು ಕೆಳಗಿಳಿಯುತ್ತಾರೆ. 1992ರಲ್ಲಿ ಪ್ರೀಮಿಯರ್ ಲೀಗ್ ಆರಂಭವಾದ ಮೇಲೆ ಟೆಲಿವಿಷನ್ ಹಣದ ಬಹುಪಾಲು ಏಣಿಯ ತುದಿಯಲ್ಲೇ ಉಳಿಯಿತು. ಮೇಲಿನ ಮೆಟ್ಟಿಲಲ್ಲಿ ಹಣದ ಹೊಳೆ, ಕೆಳಗಿನದರಲ್ಲಿ ಹನಿ ನೀರು. ಹಾಗಾಗಿ ಹೇಗಾದರೂ ಮೇಲೇರಬೇಕೆಂಬ ಹಪಾಹಪಿಯಲ್ಲಿ ಕ್ಲಬ್‌ಗಳು ಗಳಿಕೆ ಮೀರಿ ಸಂಬಳ ಕೊಟ್ಟು ಆಟಗಾರರನ್ನು ತರುತ್ತವೆ. ಎರಡನೇ ದರ್ಜೆಯ ಕ್ಲಬ್‌ಗಳು ಕೊಟ್ಟ ಒಟ್ಟು ಸಂಬಳ ಅವುಗಳ ಒಟ್ಟು ಆದಾಯವನ್ನೇ ಮೀರಿದ ಋತುಗಳು ಹಲವಾರಿವೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಮಾತು ಕಾಲಿನಲ್ಲೇ ಆಡುವ ಈ ಆಟದಲ್ಲಿ ಯಾರ ಕಿವಿಗೂ ಬಿದ್ದಂತಿಲ್ಲ.

ಲೀಡ್ಸ್ ಯುನೈಟೆಡ್ ಇದಕ್ಕೆ ಒಳ್ಳೆಯ ಉದಾಹರಣೆ. 2001ರಲ್ಲಿ ಆ ತಂಡ ಯುರೋಪಿನ ಚಾಂಪಿಯನ್ಸ್ ಲೀಗ್‌ನ ಸೆಮಿಫೈನಲ್ ತಲುಪಿತ್ತು. ಅದೇ ವರ್ಷ, ಮುಂದೆ ಮಾರಾಟವಾಗಲಿರುವ ಟಿಕೆಟುಗಳ ಆದಾಯವನ್ನು ಆಧಾರವಾಗಿಟ್ಟು 6 ಕೋಟಿ ಪೌಂಡ್ ಸಾಲ ಎತ್ತಿತು. ಅಂದರೆ ನಾಳೆಯ ಗೆಲುವನ್ನೇ ಅಡವಿಟ್ಟಿತು. ಆ ಗೆಲುವು ಬರಲಿಲ್ಲ. ಆಟಗಾರರನ್ನು ಮಾರಿತು, 2004ರಲ್ಲಿ ದರ್ಜೆ ಕಳೆದುಕೊಂಡಿತು, ತನ್ನ ಮೈದಾನವನ್ನೂ ಮಾರಿತು. 2007ರಲ್ಲಿ ಕಂಪೆನಿ ಸಾಲ ತೀರಿಸಲಾಗದ ಸ್ಥಿತಿ ತಲುಪಿ, ತಂಡ ಮೂರನೇ ದರ್ಜೆಗೆ ಕುಸಿಯಿತು.

ಸಾಲ ತೀರಿಸಲಾಗದ ಕ್ಲಬ್ಬನ್ನು ಇಂಗ್ಲೆಂಡಿನ ಕಾನೂನು ಒಬ್ಬ ಆಡಳಿತಾಧಿಕಾರಿಯ ಕೈಗೆ ಒಪ್ಪಿಸುತ್ತದೆ. ಆತ ಸಾಲ ಕೊಟ್ಟವರ ಪಟ್ಟಿ ಮಾಡುತ್ತಾನೆ. ಪೌಂಡಿಗೆ ಇಷ್ಟು ಪೆನ್ನಿ ಕೊಡುತ್ತೇವೆ, ಉಳಿದದ್ದನ್ನು ಬಿಡಿ ಎಂದು ಕೇಳುತ್ತಾನೆ. ಸಾಲದ ಮೊತ್ತದಲ್ಲಿ ನೂರಕ್ಕೆ 75ರಷ್ಟು ಪಾಲಿನವರು ಒಪ್ಪಿದರೆ ಒಪ್ಪಂದ ಎಲ್ಲರಿಗೂ ಅನ್ವಯ. ಲೀಗ್ ಕೂಡ ಅಂಕ ಕಡಿತದ ಶಿಕ್ಷೆ ಕೊಡುತ್ತದೆ. ಆದರೆ ಈ ಸರದಿಯಲ್ಲಿ ಒಂದು ವಿಚಿತ್ರವಿದೆ. ಫುಟ್‌ಬಾಲ್‌ನ ನಿಯಮದಂತೆ ಆಟಗಾರರಿಗೂ ಇತರ ಕ್ಲಬ್‌ಗಳಿಗೂ ಪೂರ್ಣ ಬಾಕಿ ಸಲ್ಲಬೇಕು. ಊರಿನ ಸಣ್ಣ ವ್ಯಾಪಾರಿಗಳು ಉಳಿದದ್ದನ್ನು ಹಂಚಿಕೊಳ್ಳಬೇಕು. ತೆರಿಗೆ ಇಲಾಖೆ ಇದನ್ನು ಪ್ರಶ್ನಿಸಿ ಹೈಕೋರ್ಟಿಗೆ ಹೋಗಿ 2012ರಲ್ಲಿ ಸೋತಿತು.

ಪೋರ್ಟ್ಸ್‌ಮತ್ ಕ್ಲಬ್ 2008ರಲ್ಲಿ ಎಫ್.ಎ. ಕಪ್ ಗೆದ್ದು, 2010ರ ಫೆಬ್ರವರಿಯಲ್ಲಿ ಪ್ರೀಮಿಯರ್ ಲೀಗ್‌ನಲ್ಲಿರುವಾಗಲೇ ಹೀಗೆ ಆಡಳಿತಾಧಿಕಾರಿಯ ಕೈಸೇರಿದ ಮೊದಲ ಕ್ಲಬ್ ಎನಿಸಿತು. ಅದರ ಸಾಲ ಸುಮಾರು 12 ಕೋಟಿ ಪೌಂಡ್. ಬಾಕಿ ಬರಬೇಕಾದವರ ಪಟ್ಟಿಯಲ್ಲಿ, ಗಾಯಗೊಂಡವರಿಗೆ ಪ್ರಥಮ ಚಿಕಿತ್ಸೆ ನೀಡುವ ಸೇಂಟ್ ಜಾನ್ ಆಂಬುಲೆನ್ಸ್ ಸೇವಾಸಂಸ್ಥೆಯ ಹೆಸರೂ ಇತ್ತು. ದೊಡ್ಡ ಸಂಬಳದ ಆಟಗಾರನಿಗೆ ಪೂರ್ಣ ಹಣ, ಗ್ಯಾಲರಿಯಲ್ಲಿ ಕುಸಿದುಬಿದ್ದವನನ್ನು ಎತ್ತಿ ಉಪಚರಿಸಿದ ಸಂಸ್ಥೆಗೆ ಚೂರುಪಾರು.

ಸಾಮಾನ್ಯ ಅಂಗಡಿ ದಿವಾಳಿಯಾದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ಫುಟ್‌ಬಾಲ್ ಕ್ಲಬ್ಬಿನ ಗಿರಾಕಿ ಹೋಗುವುದಿಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೋ ರೇಂಜರ್ಸ್ ಇದನ್ನು ತೋರಿಸಿಕೊಟ್ಟಿತು. 2012ರಲ್ಲಿ ತೆರಿಗೆ ಇಲಾಖೆ ರಿಯಾಯಿತಿ ಒಪ್ಪಂದವನ್ನು ತಿರಸ್ಕರಿಸಿದ್ದರಿಂದ ಹಳೆಯ ಕಂಪೆನಿ ಮುಚ್ಚಿತು. ಹೊಸ ಕಂಪೆನಿ ಮೈದಾನ ಮುಂತಾದ ಆಸ್ತಿಯನ್ನು ಕೊಂಡು ನಾಲ್ಕನೇ ದರ್ಜೆಯಿಂದ ಆಟ ಶುರುಮಾಡಿತು. ಆ ದರ್ಜೆಯಲ್ಲಿ ತವರಿನ ಮೊದಲ ಪಂದ್ಯಕ್ಕೆ ಬಂದವರು 49,000ಕ್ಕೂ ಹೆಚ್ಚು ಜನ! ಕಂಪೆನಿ ಸತ್ತಿತ್ತು, ಅಭಿಮಾನ ಸತ್ತಿರಲಿಲ್ಲ. ಅಭಿಮಾನಿ ಬಿಟ್ಟು ಹೋಗುವುದಿಲ್ಲವೆಂಬ ಈ ಭರವಸೆಯೇ ಕೆಲವು ಮಾಲೀಕರಿಗೆ ಇನ್ನಷ್ಟು ಸಾಲ ಮಾಡಲು ಧೈರ್ಯ ಕೊಡುತ್ತದೆ.

ಆದರೆ ರೇಂಜರ್ಸ್‌ಗೆ ಇದ್ದ ಜನಬಲ ಬೆರಿಯಂಥ ಸಣ್ಣ ಪಟ್ಟಣಕ್ಕೆ ಇರಲಿಲ್ಲ. ಗಿಗ್ ಲೇನ್ ಮೈದಾನವನ್ನು ಆಗಲೇ ಅಡವಿಡಲಾಗಿತ್ತು. ಅಲ್ಲಿಯ ಕಾರು ನಿಲ್ಲಿಸುವ ಜಾಗಗಳನ್ನೂ ಬಿಡಿಬಿಡಿಯಾಗಿ ಹೂಡಿಕೆದಾರರಿಗೆ ಮಾರಲಾಗಿತ್ತು. 2018ರ ಡಿಸೆಂಬರ್‌ನಲ್ಲಿ ಕ್ಲಬ್ ಕೈಬದಲಾಯಿಸಿದ್ದು ಕೇವಲ ಒಂದು ಪೌಂಡಿಗೆ. ಬೆಲೆ ಒಂದು ಪೌಂಡ್ ಎಂದರೆ ಅದರ ಬೆನ್ನಿಗೆ ಎಷ್ಟು ಸಾಲ ಕಟ್ಟಿದೆ ಎಂದು ಊಹಿಸಬಹುದು. 2019ರ ಜುಲೈಯಲ್ಲಿ ಸಾಲ ಕೊಟ್ಟವರು ರಿಯಾಯಿತಿ ಒಪ್ಪಂದಕ್ಕೆ ಮತ ಹಾಕಿದರು. ಅದನ್ನು ನಡೆಸಿಕೊಡಲು, ಋತು ಪೂರ್ತಿ ತಂಡ ಸಾಕಲು ಹಣವಿದೆಯೆಂಬುದಕ್ಕೆ ಲೀಗ್ ಪುರಾವೆ ಕೇಳಿತು. ಸಮಾಧಾನಕರ ಪುರಾವೆ ಬರಲಿಲ್ಲ. ಪಂದ್ಯಗಳು ಒಂದೊಂದಾಗಿ ರದ್ದಾದವು. ಕ್ಲಬ್ಬಿನ ಮಾಜಿ ನಿರ್ದೇಶಕಿಯೊಬ್ಬರು ಮೈದಾನದ ಕಟ್ಟಡದ ನೀರಿನ ಕೊಳವೆಗೆ ಸರಪಳಿಯಿಂದ ತಮ್ಮನ್ನು ಕಟ್ಟಿಕೊಂಡು ಪ್ರತಿಭಟಿಸಿದರು. ಯಾವುದೂ ಫಲ ಕೊಡಲಿಲ್ಲ.

ಪೊರಕೆ ಹಿಡಿದು ಬಂದ ಆ ಜನರ ಹೆಸರು ಸಾಲದ ಪಟ್ಟಿಯಲ್ಲಿ ಎಲ್ಲಿತ್ತು? ಬ್ಯಾಂಕಿಗೆ ಸಾಲಪತ್ರವಿದೆ, ಆಟಗಾರನಿಗೆ ಕರಾರು ಇದೆ, ಅಂಗಡಿಯವನ ಬಳಿ ರಸೀದಿ ಇದೆ. ಅಜ್ಜನ ಕೈಹಿಡಿದು ಮೊದಲ ಪಂದ್ಯ ನೋಡಿದವನ ಬಳಿ ಯಾವ ಕಾಗದವೂ ಇಲ್ಲ. ಬಂಡವಾಳ ಹಾಕಿದ ಮಾಲೀಕರು ಬಂದುಹೋದರು. 134 ವರ್ಷ ತಲೆಮಾರಿನಿಂದ ತಲೆಮಾರಿಗೆ ಬಂದದ್ದು ಇವರು. ಕಾನೂನಿನ ಕಣ್ಣಿಗೆ ಕ್ಲಬ್ ಒಂದು ಕಂಪೆನಿ. ಊರಿನ ಕಣ್ಣಿಗೆ ಅದು ಊರಿನ ಸೊತ್ತು. ಈ ಎರಡು ನೋಟಗಳ ನಡುವಿನ ಬಿರುಕಿನಲ್ಲೇ ಬೆರಿ ಬಿದ್ದುಹೋಯಿತು.

ಬಿರುಕು ಮುಚ್ಚುವ ಪ್ರಯತ್ನ ನಡೆದೇ ಇಲ್ಲವೆಂದಲ್ಲ. ಜರ್ಮನಿಯಲ್ಲಿ 1998ರಲ್ಲಿ ಕ್ಲಬ್‌ಗಳು ಕಂಪೆನಿ ರೂಪ ತಾಳಲು ಅವಕಾಶ ಸಿಕ್ಕಾಗ, ಅರ್ಧಕ್ಕಿಂತ ಹೆಚ್ಚು ಮತಾಧಿಕಾರ ಸದಸ್ಯರ ಕೈಯಲ್ಲೇ ಉಳಿಯಬೇಕೆಂಬ ಷರತ್ತು ಬಂತು. ಆದರೂ 2005ರಲ್ಲಿ ಬೊರುಸಿಯಾ ಡಾರ್ಟ್‌ಮಂಡ್ ದಿವಾಳಿಯ ಅಂಚಿಗೆ ಹೋಗಿ ಬಂತು, 2020ರಲ್ಲಿ ಕೈಸರ್ಸ್‌ಲಾಟರ್ನ್ ದಿವಾಳಿ ಅರ್ಜಿ ಹಾಕಿತು. ಸದಸ್ಯರ ಒಡೆತನ ಸಾಲವನ್ನು ತಡೆಯುವುದಿಲ್ಲ. ಕ್ಲಬ್ಬನ್ನು ಅವರಿಗೆ ತಿಳಿಯದಂತೆ ಮಾರಿಬಿಡುವುದನ್ನು ತಡೆಯುತ್ತದೆ. ಪೋರ್ಟ್ಸ್‌ಮತ್‌ನಲ್ಲಿ 2013ರಲ್ಲಿ ಅಭಿಮಾನಿಗಳೇ ಹಣ ಕೂಡಿಸಿ ಕ್ಲಬ್ ಕೊಂಡು, ಸಾಲ ತೀರಿಸಿ, 2017ರಲ್ಲಿ ತಾವೇ ಮತ ಹಾಕಿ ಹೊಸ ಮಾಲೀಕರಿಗೆ ಒಪ್ಪಿಸಿದರು. ಬ್ರಿಟನ್ನಿನ ಸಂಸತ್ತು 2025ರಲ್ಲಿ ಫುಟ್‌ಬಾಲ್ ಆಡಳಿತ ಕಾನೂನು ಮಾಡಿ ಸ್ವತಂತ್ರ ನಿಯಂತ್ರಕರನ್ನು ನೇಮಿಸಿತು. ಮೇಲಿನ ಐದು ದರ್ಜೆಗಳ ಕ್ಲಬ್‌ಗಳಿಗೆ ಪರವಾನಗಿ, ಮಾಲೀಕರ ಪೂರ್ವಾಪರದ ಪರೀಕ್ಷೆ, ಮೈದಾನ ಮಾರಲು ಅನುಮತಿ, ಇವೆಲ್ಲ ಅದರಲ್ಲಿವೆ.

ಬೆರಿಯ ಜನ ಕಾನೂನಿಗಾಗಿ ಕಾದು ಕೂರಲಿಲ್ಲ. 2022ರಲ್ಲಿ ಅಭಿಮಾನಿಗಳ ಸಂಘ ದಾನಿಗಳ ನೆರವು ಮತ್ತು ಸರಕಾರದ 10 ಲಕ್ಷ ಪೌಂಡ್ ಅನುದಾನದೊಂದಿಗೆ ಗಿಗ್ ಲೇನನ್ನು ಕೊಂಡಿತು. 2023ರಲ್ಲಿ ಹಳೆಯ ಹೆಸರಿನಲ್ಲೇ, ಹಳೆಯ ಮೈದಾನದಲ್ಲೇ ಆಟ ಮರಳಿ ಶುರುವಾಯಿತು. ಆದರೆ ಒಂಬತ್ತನೇ ದರ್ಜೆಯಲ್ಲಿ. ಒಬ್ಬ ಮಾಲೀಕ ಒಂದು ಪೌಂಡಿಗೆ ಕೊಂಡದ್ದನ್ನು ಊರು ಮರಳಿ ಪಡೆಯಲು ಲಕ್ಷಗಟ್ಟಲೆ ಪೌಂಡ್ ತೆತ್ತು, ನಾಲ್ಕು ವರ್ಷ ಕಾದು, ಆರು ಮೆಟ್ಟಿಲು ಕೆಳಗಿನಿಂದ ಏಣಿ ಹತ್ತಬೇಕಾಯಿತು. ಮೇಲಿನ ಐದು ದರ್ಜೆಗಳಿಗಷ್ಟೇ ಅನ್ವಯಿಸುವ ಆ ಕಾನೂನು ಬಂದಾಗ, ಅದರ ರಕ್ಷಣೆಗೆ ಸಿಗುವಷ್ಟು ಎತ್ತರಕ್ಕೆ ಬೆರಿ ಇನ್ನೂ ಏರಿರಲಿಲ್ಲ.