ಒಪ್ಪಿಸುವ ಪ್ರಾರ್ಥನೆ

ಶಸ್ತ್ರಕ್ರಿಯೆಯ ಹಿಂದಿನ ರಾತ್ರಿಯನ್ನು ಆಸ್ಪತ್ರೆಯಲ್ಲಿ ಕಳೆದವರಿಗೆ ಆ ರಾತ್ರಿಯ ಉದ್ದ ಎಷ್ಟೆಂಬುದು ಗೊತ್ತು. ಇನ್ನು ಏನನ್ನೂ ತಿನ್ನಬಾರದು, ಕುಡಿಯಬಾರದು ಎಂದು ದಾದಿ ಹೇಳಿ ಹೋಗಿರುತ್ತಾಳೆ. ಒಪ್ಪಿಗೆ ಪತ್ರಕ್ಕೆ ರುಜು ಆಗಿರುತ್ತದೆ. ನೆಂಟರು ಧೈರ್ಯ ಹೇಳಿ ಮನೆಗೆ ಮರಳಿರುತ್ತಾರೆ. ಉಳಿಯುವುದು ರೋಗಿ ಮತ್ತು ಅವನ ಭಯ. ದೈವದಲ್ಲಿ ನಂಬಿಕೆಯುಳ್ಳವನು ಆಗ ಪ್ರಾರ್ಥಿಸುತ್ತಾನೆ. ಆ ಪ್ರಾರ್ಥನೆ ಏನನ್ನು ಕೇಳಬೇಕು? ಕೇಳಿದ್ದು ದೊರೆಯದಿದ್ದರೆ ಅದು ವ್ಯರ್ಥವಾಯಿತೆ? ನಾನು ಕ್ರೈಸ್ತ ಮನೆತನದಲ್ಲಿ ಹುಟ್ಟಿ ಬೆಳೆದವನಾದ್ದರಿಂದ ನಾನು ಬಲ್ಲ ನಿದರ್ಶನಗಳು ಆ ಕಡೆಯವು. ಆದರೆ ಭಯಕ್ಕೆ ಮತಭೇದವಿಲ್ಲ. ಕೇಳುಗರು ತಮ್ಮ ತಮ್ಮ ಮನೆಯ ನಿದರ್ಶನಗಳನ್ನು ಇವುಗಳ ಪಕ್ಕದಲ್ಲಿಟ್ಟು ನೋಡಬಹುದು.

ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದದ್ದಲ್ಲ. 1986ರಲ್ಲಿ ನನ್ನ ಅಣ್ಣನಿಗೆ ಹೊಟ್ಟೆಯೊಳಗಿನ ಗಡ್ಡೆಯೊಂದನ್ನು ತೆಗೆಯಲು ಶಸ್ತ್ರಕ್ರಿಯೆಯಾಯಿತು. ಅವನಿಗೆ ಆಗ ಮೂವತ್ತನಾಲ್ಕು ವರ್ಷ. ಮನೆಮಂದಿಯೆಲ್ಲ ಮೂರು ದಿನ ಮೊಣಕಾಲೂರಿ ಬೇಡಿಕೊಂಡೆವು. ಗಾಲಿಮಂಚದ ಮೇಲೆ ಒಳಗೆ ಒಯ್ಯುವಾಗ ಅವನು ಕೈಗಡಿಯಾರ ಬಿಚ್ಚಿ ನನಗೆ ಕೊಟ್ಟು, “ತಮ್ಮಾ, ದಿನಾ ಕೀಲಿ ಕೊಡೋದು ಮರೀಬ್ಯಾಡ” ಎಂದ. ಅವನು ಹಿಂದಿರುಗಲಿಲ್ಲ. ಮಣ್ಣು ಕೊಟ್ಟು ಬಂದ ಮೇಲೆ, ಸಂತೈಸಲು ಬಂದವರೊಬ್ಬರು ಅವ್ವನಿಗೆ, “ನಿಮ್ಮ ನಂಬಿಕೆ ಎಲ್ಲಿಯೋ ಸಾಲದಾಯಿತು” ಎಂದರು. ಅವರ ಮನಸ್ಸಿನಲ್ಲಿ ಕೇಡು ಇರಲಿಲ್ಲ. ಆದರೆ ಆ ಒಂದು ಮಾತು ಅವ್ವನನ್ನು ಬದುಕಿರುವ ತನಕ ಸುಟ್ಟಿತು. ಮಗನ ಸಾವಿನ ದುಃಖದ ಮೇಲೆ, ಆ ಸಾವಿಗೆ ತಾನೇ ಕಾರಣಳೇನೋ ಎಂಬ ಅಪರಾಧಭಾವವನ್ನೂ ಆಕೆ ಹೊರಬೇಕಾಯಿತು.

ಆ ಮಾತು ಸರಿಯೆ? ನಂಬಿಕೆ ಇಷ್ಟು ತೂಕವಿದ್ದರೆ ಗುಣ, ಅದಕ್ಕೆ ಕಡಿಮೆಯಾದರೆ ಮರಣ ಎಂಬ ತಕ್ಕಡಿಯೊಂದು ದೇವರ ಬಳಿ ಇದೆಯೆ? ಬೈಬಲಿನಲ್ಲಿ ನಂಬಿಕೆಯಿಂದ ಸ್ವಸ್ಥರಾದವರ ಕಥೆಗಳು ಹಲವು ಇವೆ, ನಿಜ. ಆದರೆ ಅದೇ ಗ್ರಂಥದಲ್ಲಿ ಪೌಲನ ಶೂಲದ ಪ್ರಸಂಗವೂ ಇದೆ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿ ಅವನೇ ಅದನ್ನು ಹೇಳಿಕೊಂಡಿದ್ದಾನೆ. ತನ್ನ ಶರೀರದಲ್ಲಿ ನಾಟಿದ್ದ ಶೂಲವೊಂದನ್ನು ತೆಗೆಯಬೇಕೆಂದು ಮೂರು ಸಲ ಬೇಡಿಕೊಂಡ. ಶೂಲ ಹೋಗಲಿಲ್ಲ, ಅದನ್ನು ತಾಳಿಕೊಳ್ಳುವ ಬಲ ಬಂದಿತು. ಪೌಲನ ನಂಬಿಕೆ ಸಾಲದಾಯಿತೆಂದು ಯಾರೂ ಹೇಳಲಾರರು.

ಅದಕ್ಕೂ ಮಿಗಿಲಾದ ನಿದರ್ಶನ ಗೆತ್ಸೇಮನೆಯದು. ಗೆತ್ಸೇಮನೆ ಎಂದರೆ ಎಣ್ಣೆಯ ಗಾಣ. ಮರುದಿನದ ಮರಣ ಕಣ್ಣೆದುರಿಗಿದ್ದಾಗ ಯೇಸುಸ್ವಾಮಿಯು ಆ ತೋಪಿನಲ್ಲಿ ಮಾಡಿದ ಪ್ರಾರ್ಥನೆಗೆ ಎರಡು ಭಾಗಗಳಿವೆ. ಸಂಕಟದ ಪಾತ್ರೆ ತನ್ನಿಂದ ದೂರವಾಗಲಿ ಎಂಬುದು ಮೊದಲನೆಯದು. ಆದರೂ ತನ್ನ ಚಿತ್ತದಂತಲ್ಲ, ತಂದೆಯ ಚಿತ್ತದಂತೆ ಆಗಲಿ ಎಂಬುದು ಎರಡನೆಯದು. ನಾವು ಸಾಮಾನ್ಯವಾಗಿ ಎರಡನೆಯ ಭಾಗವನ್ನು ಮಾತ್ರ ಕೊಂಡಾಡುತ್ತೇವೆ. ಮೊದಲನೆಯದನ್ನು ಮರೆಯಬಾರದು. ಭಯಪಡುವುದು, ‘ಇದು ಬೇಡ’ ಎಂದು ಬಾಯಿಬಿಟ್ಟು ಹೇಳುವುದು ಅವಿಶ್ವಾಸವಲ್ಲವೆಂದು ಅಲ್ಲಿ ಸಿದ್ಧವಾಗಿದೆ. ಜೊತೆಯಲ್ಲಿ ಎಚ್ಚರವಾಗಿರಿ ಎಂದು ಶಿಷ್ಯರನ್ನು ಕೇಳಿಕೊಂಡದ್ದೂ ಅಲ್ಲಿಯೇ. ಅವರು ನಿದ್ದೆಹೋದದ್ದೂ ಅಲ್ಲಿಯೇ. ಪಾತ್ರೆಯು ದೂರವಾಗಲಿಲ್ಲವೆಂಬುದನ್ನು ಎಲ್ಲರೂ ಬಲ್ಲರು.

ಇನ್ನೊಂದು ತಪ್ಪು ತಿಳಿವಳಿಕೆಯೂ ಉಂಟು. ದೇವರನ್ನು ನಂಬಿದವನಿಗೆ ವೈದ್ಯನ ಶಸ್ತ್ರವೇಕೆ ಎಂಬುದು. ಮೂರನೆಯ ಸುವಾರ್ತೆಯನ್ನು ಬರೆದವನೆಂದು ಪರಂಪರೆ ಹೇಳುವ ಲೂಕನನ್ನು ಪೌಲನು ಪ್ರಿಯನಾದ ವೈದ್ಯನೆಂದೇ ಕರೆದಿದ್ದಾನೆ. ವೈದ್ಯನ ಕೈಯನ್ನು ತಳ್ಳಿಹಾಕಿ ದೇವರ ಕೈಯನ್ನು ಹಿಡಿಯಬೇಕಾದ ಪ್ರಸಂಗ ಇಲ್ಲಿ ಇಲ್ಲವೇ ಇಲ್ಲ.

ಈ ಎರಡು ಕೈಗಳನ್ನೂ ಒಟ್ಟಿಗೆ ಹಿಡಿದ ಒಬ್ಬ ಹೆಣ್ಣುಮಗಳ ಕಥೆಯನ್ನು ಹೇಳುತ್ತೇನೆ. ಅಮೆರಿಕದ ಕೆಂಟಕಿ ಸೀಮೆಯಲ್ಲಿ ಜೇನ್ ಟಾಡ್ ಕ್ರಾಫರ್ಡ್ ಎಂಬ ಗೃಹಿಣಿ ಇದ್ದಳು. 1809ರಲ್ಲಿ ಆಕೆಯ ಹೊಟ್ಟೆ ವಿಪರೀತವಾಗಿ ಬೆಳೆಯಿತು. ಬಸಿರೆಂದು ಎಲ್ಲರೂ ತಿಳಿದಿದ್ದರು. ಎಫ್ರಾಯಿಮ್ ಮೆಕ್‌ಡೊವೆಲ್ ಎಂಬ ವೈದ್ಯ ಬಂದು ನೋಡಿ, ಇದು ಬಸಿರಲ್ಲ, ಅಂಡಾಶಯದ ಗಡ್ಡೆ ಎಂದು ಕಂಡುಕೊಂಡ. ಹೊಟ್ಟೆಯನ್ನು ಸೀಳಿ ಇಂಥದನ್ನು ತೆಗೆದು ರೋಗಿಯನ್ನು ಉಳಿಸಿದ ವೃತ್ತಾಂತವನ್ನು ಅವನು ಕೇಳಿರಲಿಲ್ಲ. ಅಪಾಯವನ್ನು ಮುಚ್ಚಿಡದೆ ತಿಳಿಸಿದ. ಡ್ಯಾನ್‌ವಿಲ್‌ಗೆ ಬಂದರೆ ಪ್ರಯೋಗ ಮಾಡಿ ನೋಡುವೆನೆಂದ. ಆಕೆ ಚಳಿಗಾಲದಲ್ಲಿ ಸುಮಾರು 60 ಮೈಲಿ ದೂರವನ್ನು ಕುದುರೆಯ ಮೇಲೆ ಕುಳಿತು ಬಂದಳು. ಜೀನಿನ ಮುಂಗೊಂಬು ತಾಗಿ ಹೊಟ್ಟೆಯ ಮೇಲೆ ಗಾಯವಾಗಿತ್ತು.

ಡಿಸೆಂಬರ್ 25ರಂದು, ಕ್ರಿಸ್ತಜಯಂತಿಯ ದಿನ, ಶಸ್ತ್ರಕ್ರಿಯೆ ನಡೆಯಿತು. ಬಾಸ್ಟನ್ನಿನಲ್ಲಿ ಈಥರಿನ ಅರಿವಳಿಕೆಯನ್ನು ಬಹಿರಂಗವಾಗಿ ತೋರಿಸಿದ್ದು 1846ರಲ್ಲಿ. ಲಿಸ್ಟರನು ಗಾಯದ ನಂಜನ್ನು ತಡೆಯುವ ಕ್ರಮವನ್ನು ಪ್ರಕಟಿಸಿದ್ದು 1867ರಲ್ಲಿ. ಆದ್ದರಿಂದ ಆಕೆ ಪೂರ್ಣ ಎಚ್ಚರದಲ್ಲಿಯೇ ಮಲಗಿದ್ದಳು. ಇಪ್ಪತ್ತೈದು ನಿಮಿಷಗಳ ಆ ಕಾಲವನ್ನು ಆಕೆ ಬೈಬಲಿನ ಕೀರ್ತನೆಗಳನ್ನು ಒಪ್ಪಿಸುತ್ತ ಕಳೆದಳೆಂದು ಪರಂಪರೆಯಾಗಿ ಹೇಳುತ್ತ ಬಂದಿದ್ದಾರೆ. ತೆಗೆದ ಗಡ್ಡೆಯ ತೂಕ 22½ ಪೌಂಡು, ಎಂದರೆ ಸುಮಾರು 10 ಕಿಲೋ. ಐದನೆಯ ದಿನ ವೈದ್ಯ ನೋಡಲು ಬಂದಾಗ ಆಕೆ ತನ್ನ ಹಾಸಿಗೆಯನ್ನು ತಾನೇ ಸರಿಪಡಿಸಿಕೊಳ್ಳುತ್ತಿದ್ದಳು. ಇಪ್ಪತ್ತೈದು ದಿನಗಳಲ್ಲಿ ಮನೆಗೆ ಮರಳಿ, ಮತ್ತೆ ಮೂವತ್ತೆರಡು ವರ್ಷ ಬಾಳಿ, 1842ರಲ್ಲಿ ತೀರಿಕೊಂಡಳು.

ಇಷ್ಟಕ್ಕೆ ನಿಲ್ಲಿಸಿದರೆ ಇದೊಂದು ಪವಾಡದ ಕಥೆಯಾಗುತ್ತದೆ. ಅವ್ವನನ್ನು ಸುಟ್ಟ ಮಾತಿಗೆ ಇನ್ನೊಂದು ಸಾಕ್ಷಿಯಾಗುತ್ತದೆ. ಆದರೆ ಮೆಕ್‌ಡೊವೆಲ್ ಅನಂತರ ಇಂಥ ಶಸ್ತ್ರಕ್ರಿಯೆಗಳನ್ನು ಮತ್ತೆಯೂ ಮಾಡಿದ. ಅವರೆಲ್ಲರೂ ಬದುಕಲಿಲ್ಲ. ಬದುಕದೆ ಹೋದವರು ಪ್ರಾರ್ಥಿಸಿರಲಿಲ್ಲವೆಂದು ಹೇಳುವ ಎದೆ ಯಾರಿಗಿದೆ? ಜೇನ್ ಕ್ರಾಫರ್ಡ್ ಉಳಿದದ್ದರಲ್ಲಿ ವೈದ್ಯನ ಕೈಚಳಕವಿತ್ತು, ಆಕೆಯ ದೇಹದ ಕಸುವು ಇತ್ತು. ದೈವಕೃಪೆಯೂ ಇತ್ತೆಂದು ನಾನು ನಂಬುತ್ತೇನೆ. ಆದರೆ ಕೀರ್ತನೆಗಳು ಆಕೆಗೆ ಕೊಟ್ಟದ್ದನ್ನು ಆ ಮೂವತ್ತೆರಡು ವರ್ಷಗಳಿಂದ ಅಳೆಯಬೇಕಾಗಿಲ್ಲ. ಆ ಇಪ್ಪತ್ತೈದು ನಿಮಿಷಗಳಿಂದ ಅಳೆದರೆ ಸಾಕು. ಆ ಹೊತ್ತಿನಲ್ಲಿ ಆಕೆ ಒಂಟಿಯಾಗಿರಲಿಲ್ಲ.

ಕೀರ್ತನೆಗಳನ್ನು ‘ಒಪ್ಪಿಸಿದಳು’ ಎಂದೆ. ಕನ್ನಡ ಮೇಷ್ಟರಾಗಿದ್ದವನಿಗೆ ಇಂಥ ಕಡೆ ಶಬ್ದವೊಂದು ತಡೆದು ನಿಲ್ಲಿಸುತ್ತದೆ. ಬಾಯಿಪಾಠ ಮಾಡಿದ ಪದ್ಯವನ್ನು ಗುರುವಿನೆದುರು ಹೇಳುವುದೂ ನಮ್ಮಲ್ಲಿ ಒಪ್ಪಿಸುವುದೇ. ಬೆಲೆಯುಳ್ಳ ವಸ್ತುವನ್ನು ನೆಚ್ಚಿದವರ ಕೈಗೆ ಕೊಡುವುದೂ ಒಪ್ಪಿಸುವುದೇ. ‘ಒಪ್ಪು’ ಎಂಬುದು ಮೂಲ. ಆಸ್ಪತ್ರೆಯ ಒಪ್ಪಿಗೆ ಪತ್ರವೂ ಅದರ ಮನೆಯದೇ. ಪತ್ರಕ್ಕೆ ರುಜು ಮಾಡಿ ದೇಹವನ್ನು ವೈದ್ಯನಿಗೆ ಒಪ್ಪಿಸುತ್ತೇವೆ. ಪ್ರಾರ್ಥನೆಯಲ್ಲಿ ಉಳಿದುದನ್ನು ಒಪ್ಪಿಸುತ್ತೇವೆ: ಭಯವನ್ನು, ಹಿಂದೆ ಬಿಟ್ಟುಬಂದವರನ್ನು, ನಾಳೆಯನ್ನು. ಒಪ್ಪಿಸುವುದೆಂದರೆ ಕೊಟ್ಟು ಸುಮ್ಮನಿರುವುದು. ಕೊಟ್ಟದ್ದಕ್ಕೆ ಪ್ರತಿಯಾಗಿ ಇಂಥದೇ ಬರಬೇಕೆಂದು ಕರಾರು ಬರೆಸಿಕೊಳ್ಳುವುದಲ್ಲ.

ಕಳೆದ ವರ್ಷ ನನ್ನ ಪಿತ್ತಕೋಶವನ್ನು ತೆಗೆಯಬೇಕಾಗಿ ಬಂತು. ಅಣ್ಣನದಕ್ಕೆ ಹೋಲಿಸಿದರೆ ಸಣ್ಣ ಶಸ್ತ್ರಕ್ರಿಯೆ. ಭಯ ಮಾತ್ರ ಸಣ್ಣದಾಗಿರಲಿಲ್ಲ. ಹಿಂದಿನ ರಾತ್ರಿ ಪ್ರಾರ್ಥಿಸಲು ಕುಳಿತರೆ ಸ್ವಂತ ಮಾತುಗಳು ಬರಲೊಲ್ಲವು. ಬಾಲ್ಯದಲ್ಲಿ ಅವ್ವ ಬಾಯಿಪಾಠ ಮಾಡಿಸಿದ್ದ ಇಪ್ಪತ್ತಮೂರನೆಯ ಕೀರ್ತನೆಯನ್ನು ಶಾಲೆಯ ಹುಡುಗನಂತೆ ಒಪ್ಪಿಸಿದೆ. ನಡುವೆ ಒಂದು ಕಡೆ ತಪ್ಪಿ ಮತ್ತೆ ಮೊದಲಿನಿಂದ ಹೇಳಿದೆ. ಭಯ ಹೋಯಿತೆಂದು ಹೇಳಲಾರೆ. ಅದರ ಜೊತೆಯಲ್ಲಿಯೇ ನಿದ್ದೆ ಬಂದಿತು. ಅಷ್ಟು ವರ್ಷಗಳ ಮೇಲೆ ಅಣ್ಣನ ಮುಖವೂ ಆಗ ನೆನಪಾಯಿತು. ಗಡಿಯಾರವನ್ನು ನನಗೊಪ್ಪಿಸುವಾಗ ಅವನ ಮುಖದಲ್ಲಿ ಗಾಬರಿ ಇರಲಿಲ್ಲ. ಉಳಿದುದನ್ನು ಅವನು ಅದಾಗಲೇ ಒಪ್ಪಿಸಿ ಮುಗಿಸಿದ್ದಿರಬೇಕು.

ನಾನು ಗುಣವಾಗಿ ಮನೆಗೆ ಬಂದೆ. ನನ್ನ ಪ್ರಾರ್ಥನೆ ಫಲಿಸಿತು, ಅಣ್ಣನದು ಫಲಿಸಲಿಲ್ಲ ಎಂದು ಮಾತ್ರ ನಾನು ಎಂದೂ ಹೇಳಲಾರೆ. ಆಸ್ಪತ್ರೆಯ ಮೊಗಸಾಲೆಯಲ್ಲಿ ಇಂದು ರಾತ್ರಿಯೂ ಯಾರೋ ಕುಳಿತಿರುತ್ತಾರೆ. ಅವರ ನಂಬಿಕೆಯನ್ನು ತೂಗಿ ನೋಡುವ ಕೆಲಸ ನಮ್ಮದಲ್ಲ. ನಿದ್ದೆಹೋಗದೆ ಸ್ವಲ್ಪ ಹೊತ್ತು ಅವರ ಪಕ್ಕದಲ್ಲಿ ಕುಳಿತಿದ್ದರೆ, ನಾವು ಮಾಡಬಹುದಾದ ಪ್ರಾರ್ಥನೆ ಅದೇ ಆದೀತು.

(ಬಾನುಲಿ ಭಾಷಣ)