ಮಕ್ಕಳಿಗೆ ತಿಳಿಯುವ ಪ್ರಾರ್ಥನೆ
(ನಮ್ಮ ವಾಚನಾಲಯದಲ್ಲಿ ಮಾಡಿದ ಭಾಷಣ)



ನಮ್ಮ ಕುರ್ಲಾದಲ್ಲಿ ಗುಡಿ, ಮಸೀದಿ, ಇಗರ್ಜಿಗಳೊಡನೆ ಬೆನೆ ಇಸ್ರೇಲ್ ಯೆಹೂದ್ಯರ ಪ್ರಾರ್ಥನಾಮಂದಿರವೂ ಉಂಟು. ಕೊಂಕಣದಲ್ಲಿ ಗಾಣ ಆಡಿಸುತ್ತಿದ್ದ ಜನ ಅವರು. ಶನಿವಾರ ಗಾಣ ಕಟ್ಟುತ್ತಿರಲಿಲ್ಲವಾದ್ದರಿಂದ ನೆರೆಯವರು ‘ಶನಿವಾರ ತೇಲಿ’ ಎಂದು ಕರೆದರು. ನಮ್ಮಂತೆಯೇ ಹೊಟ್ಟೆಪಾಡಿಗೆ ಮುಂಬಯಿ ಸೇರಿದರು. ಮನೆಮಾತು ಮರಾಠಿ, ಪ್ರಾರ್ಥನೆ ಹೀಬ್ರೂ. ಅರ್ಥ ತಿಳಿಯದ ಮಕ್ಕಳು ಎಷ್ಟು ಹೊತ್ತು ಕುಳಿತಾರು?

ಅದಕ್ಕೆ ಅವರು ಹುಡುಕಿದ ಉಪಾಯ ನಮಗೆ ಬಹಳ ಹಿಡಿಸಿದೆ. ಮಂದಿರದ ಹೀಬ್ರೂ ಪ್ರಾರ್ಥನೆಯನ್ನು ಹಾಗೆಯೇ ಉಳಿಸಿಕೊಂಡು, ೧೮೮೦ರ ಸುಮಾರಿಗೆ ನೆರೆಯ ಹರಿದಾಸರ ರೀತಿಯಲ್ಲಿ ಮರಾಠಿ ಕೀರ್ತನೆ ಆರಂಭಿಸಿದರು. ಅಬ್ರಹಾಮ, ಮೋಶೆಯರ ಕಥೆಗಳನ್ನು ಹಾಡಿ ಹೇಳಿದರು. ಹರಿಕಥೆ ಕೇಳಿ ಬೆಳೆದ ನಮಗೆ ಇದರ ರುಚಿ ಬೇರೆ ಹೇಳಬೇಕಿಲ್ಲ. ಪಸ್ಕ ಹಬ್ಬದ ಪುಸ್ತಕವೂ ೧೮೭೪ರಲ್ಲಿ ಪುಣೆಯಲ್ಲಿ ಮರಾಠಿ ಅರ್ಥದೊಡನೆ ಅಚ್ಚಾಯಿತು. ಅದರ ಚಿತ್ರದಲ್ಲಿ ಹುಳಿಯಿಲ್ಲದ ರೊಟ್ಟಿ ಮಾಡುವ ಹೆಂಗಸರು ಸೀರೆ ಉಟ್ಟಿದ್ದಾರೆ! ಆ ಹಬ್ಬದ ಊಟದಲ್ಲಿ ಮನೆಯ ಕಿರಿಯ ಮಗುವೇ ಪ್ರಶ್ನೆ ಕೇಳಬೇಕು, ಹಿರಿಯರು ಉತ್ತರ ಕೊಡಬೇಕು. ಮಗು ಬಾಯಿ ಬಿಡದೆ ಕಥೆ ಮುಂದೆ ಸಾಗದು.

ಇನ್ನೂ ಮುಂದೆ ಹೋದವರು ಡಾ. ಜೆರುಶಾ ಝಿರಾದ್. ೧೮೯೦ರಲ್ಲಿ ನಮ್ಮ ಶಿವಮೊಗ್ಗದಲ್ಲಿ ಹುಟ್ಟಿದವರು. ಮುಂಬಯಿಯ ಕಾಮಾ ಆಸ್ಪತ್ರೆಯ ಮುಖ್ಯಸ್ಥೆಯಾಗಿದ್ದವರು. ಲಂಡನಿನಲ್ಲಿ ವೈದ್ಯ ಕಲಿಯುವಾಗ ಯೆಹೂದ್ಯರ ಉದಾರ ಪಂಥವನ್ನು ಕಂಡು, ೧೯೨೫ರಲ್ಲಿ ಇಲ್ಲಿ ‘ಜ್ಯೂಯಿಷ್ ರಿಲಿಜಿಯಸ್ ಯೂನಿಯನ್’ ಸ್ಥಾಪಿಸಿದರು. ಹಳೆಯ ಕ್ರಮದಲ್ಲಿ ಸಾಮೂಹಿಕ ಪ್ರಾರ್ಥನೆಗೆ ಹತ್ತು ಗಂಡಸರು ಕೂಡಬೇಕು. ಹೆಂಗಸರಿಗೆ ಬೇರೆ ಸ್ಥಳ. ಉದಾರ ಪಂಥದಲ್ಲಿ ಎಲ್ಲರೂ ಒಟ್ಟಿಗೆ ಕೂಡುತ್ತಾರೆ, ತಿಳಿಯುವ ಭಾಷೆಯಲ್ಲೂ ಪ್ರಾರ್ಥಿಸುತ್ತಾರೆ. ಹೆಚ್ಚಿನ ಮಂದಿರಗಳು ಹಳೆಯ ಕ್ರಮವನ್ನೇ ಹಿಡಿದವು. ಅವರ ಹಟವನ್ನು ನಾವು ಹಗುರವಾಗಿ ಕಾಣುವುದಿಲ್ಲ. ದೇಶದೇಶಗಳ ಯೆಹೂದ್ಯರನ್ನು ಕೂಡಿಸಿದ್ದು ಆ ಹೀಬ್ರೂ ತಾನೇ?

೧೯೪೮ರಲ್ಲಿ ಇಸ್ರೇಲ್ ದೇಶವಾದ ಮೇಲೆ ಬಹುಪಾಲು ಜನ ಅಲ್ಲಿಗೆ ಹೋದರು. ಈಗ ಇಲ್ಲಿರುವವರು ಕೆಲವೇ ಸಾವಿರ. ಮಂದಿರಗಳು ತೆರವಾದದ್ದು ವಲಸೆಯಿಂದಲೇ ಹೊರತು ಮರಾಠಿ ಕೀರ್ತನೆಯಿಂದಲ್ಲ.

ಇದನ್ನೆಲ್ಲ ಇಲ್ಲಿ ಹೇಳಲು ಕಾರಣವುಂಟು. ನಮ್ಮ ಭಜನೆಗೆ ಬರುವ ಮಕ್ಕಳಲ್ಲಿ ಹಲವರಿಗೆ ಕನ್ನಡ ಅಕ್ಷರ ಬಾರದು. ತಾಳ ಹಾಕಿ ಸುಮ್ಮನಾಗುತ್ತಾರೆ. ಪದಗಳನ್ನು ದೇವನಾಗರಿಯಲ್ಲೂ ಅಚ್ಚು ಹಾಕೋಣವೆಂದರೆ, ಕನ್ನಡ ಲಿಪಿ ಅಲ್ಲಿಗೇ ಮುಗಿಯಿತೆಂದು ಹಿರಿಯರ ಆಕ್ಷೇಪ. ಎರಡೂ ಲಿಪಿಗಳನ್ನು ಎದುರುಬದುರು ಪುಟದಲ್ಲಿ ಹಾಕಿ, ಒಂದೊಂದು ಪದದ ಅರ್ಥವನ್ನು ಮಗುವೊಂದು ಕೇಳಲಿ, ಅಜ್ಜನೋ ಅಜ್ಜಿಯೋ ಹೇಳಲಿ ಎಂಬುದು ನಮ್ಮ ಸೂಚನೆ. ಆಕ್ಷೇಪವಿರುವವರು ಈಗಲೇ ಎದ್ದು ಹೇಳಬೇಕಾಗಿ ವಿನಂತಿ.